ಇಂಟರ್ನ್‌ಶಿಪ್‌ಗೆ ಹಳ್ಳಿ ಪಿಎಚ್‌ಸಿನಾ, ಬೆಂಗಳೂರಾ? ಮಾಡಿದವರು ಹೇಳಿ

ತುಮಕೂರು, ಎಂಎಸ್‌ಡಬ್ಲ್ಯೂ ಕೊನೆ ವರ್ಷ: ಸಮುದಾಯ ಆರೋಗ್ಯ ಶಿಕ್ಷಣದಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಒಂದು ಹಳ್ಳಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಅಲ್ಲಿ ದುಡ್ಡು ಕೊಡಲ್ಲ. ಇನ್ನೊಂದು ಬೆಂಗಳೂರಿನ ಸಂಸ್ಥೆ, ತಿಂಗಳಿಗೆ 6,000 ಕೊಡುತ್ತಾರೆ. ಅಪ್ಪ ಗಾರೆ ಕೆಲಸ ಮಾಡುತ್ತಾರೆ, ಜಾಸ್ತಿ ಕೇಳೋಕಾಗಲ್ಲ. ಯಾವುದು ಒಳ್ಳೆಯದು?

ತೀರ್ಥಹಳ್ಳಿ ಕಡೆಯವನು: ನಾನು ಮಲೆನಾಡಿನ ಪಿಎಚ್‌ಸಿಯಲ್ಲಿ ಮಾಡಿದೆ. ಜನವರಿ, ಫೆಬ್ರವರಿ. ಸರಿಯಾಗಿ ಮಂಗನ ಕಾಯಿಲೆ ಸಮಯ, ಕಾಡಿನ ಉಣ್ಣೆ ಹುಳ ಕಚ್ಚಿ ಬರೋ ಜ್ವರ ಅದು. ಖರ್ಚು ಇನ್ನೂ ಬಾಯಿಪಾಠ ಇದೆ. ರೂಮಿಗೆ ತಿಂಗಳಿಗೆ 2,200. ಬೆಳಗ್ಗೆ ಒಂದೇ ಬಸ್ಸು, ತಪ್ಪಿದರೆ ಆಟೊಗೆ 180. ಒಂಬತ್ತು ಸಲ ತಪ್ಪಿತು, 1,620 ಹೋಯಿತು. ಫ್ಲೆಕ್ಸಿಗೆ ಕೈಯಿಂದ 640. ಅದರ ಮೇಲೆ ‘ಕಾಡಿಗೆ ಹೋಗಬೇಡಿ’ ಅಂತ ಬರೆಸಿದ್ದೆ. ಒಬ್ಬ ಅಜ್ಜಿ, "ತರಗೆಲೆ ತರದಿದ್ದರೆ ಕೊಟ್ಟಿಗೆಗೆ ಏನು ಹಾಸಲಿ ತಮ್ಮಾ?" ಅಂದರು. ಅವತ್ತೇ ಫ್ಲೆಕ್ಸ್ ಸುತ್ತಿಟ್ಟೆ. ಕಾಡಿಗೆ ಹೋಗೋ ಮೊದಲು ಕೈಕಾಲಿಗೆ ಉಣ್ಣೆ ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ತಿಳಿಸಿ. ಮನೆಮನೆಗೆ ಇಷ್ಟೇ ಹೇಳಿದೆ. ಎಲ್ಲರೂ ಕೇಳಿದ್ದು ಲಸಿಕೆ. ಹಳೆ ಲಸಿಕೆ 2022ರಲ್ಲಿ ನಿಂತುಹೋಯಿತು, ಬೈಸಿಕೊಂಡಿದ್ದು ನಾನು. ಆದರೂ ಹಳ್ಳಿಗೇ ಹೋಗಿ. ನಗರದಲ್ಲಿ ಎಸಿ ಹಾಲಲ್ಲಿ ಯೋಗ ದಿನದ ಫೋಟೊ ತೆಗೆಯೋದು ಆರೋಗ್ಯ ಶಿಕ್ಷಣ ಅಲ್ಲ.

ಬೆಂಗಳೂರಲ್ಲಿ ಮಾಡಿದವಳು: ಯಾವ ಎಸಿ ಹಾಲು ಸಾರ್? ನಾನಿದ್ದಿದ್ದು ಕೊಳೆಗೇರಿಯಲ್ಲಿ. ಹುಡುಗಿಯರಿಗೆ ಮುಟ್ಟಿನ ಬಗ್ಗೆ ಪಾಠ. ಹಾಗಂತ ಸುಖ ಇರಲಿಲ್ಲ. 6,000 ಬರುತ್ತಿತ್ತು, ಪಿಜಿಗೆ 7,500. ಅಡ್ವಾನ್ಸ್ 5,000ದಲ್ಲಿ ‘ಪೇಂಟಿಂಗ್’ ಅಂತ 1,500 ಹಿಡಿದರು. ಎರಡನೇ ತಿಂಗಳ ದುಡ್ಡು ಐದು ತಿಂಗಳು ಬಿಟ್ಟು ಬಂತು. ಮೊದಲ ನಾಲ್ಕು ಕ್ಲಾಸಿಗೆ ಒಬ್ಬ ಹುಡುಗಿಯೂ ಬರಲಿಲ್ಲ, ನಾವು ಇಟ್ಟಿದ್ದು ನೀರಿನ ಟ್ಯಾಂಕರ್ ಬರೋ ಹೊತ್ತಿಗೆ! ಸಂಜೆ ಏಳಕ್ಕೆ ಬದಲಾಯಿಸಿದೆವು, 23 ಜನ ಬಂದರು. ಅಮ್ಮಂದಿರೂ ಬಂದು ಕೂತರು. ಅದು ನನ್ನ ಹೆಮ್ಮೆ. ಯಾರೂ ಅದನ್ನು ಫೋಟೊ ಅನ್ನೋದು ಬೇಡ.

ಯಾದಗಿರಿ ಅನುಭವ: ನಾನು ಇಂಟರ್ನ್‌ಶಿಪ್ ಮಾಡಿದ್ದು ರಕ್ತಹೀನತೆ ಬಗ್ಗೆ. ಬಸುರಿಯರಿಗೆ 180 ಕೆಂಪು ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ಡಬ್ಬದಲ್ಲಿ ಹಾಗೇ ಇರುತ್ತದೆ. ಮಲ ಕಪ್ಪಾಗುತ್ತದೆ ಅಂತ ಹೆದರಿಕೆ. ಅದು ಮಾತ್ರೆಯಿಂದಲೇ ಆಗೋದು, ಹೆದರಬೇಡಿ ಅಂತ ಮೊದಲೇ ಯಾರೂ ಹೇಳಿರಲ್ಲ. ಚಹಾದ ಜೊತೆ ನುಂಗೋರೂ ಇದ್ದರು, ಹಾಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ನಾನು ಚಹಾ ಪೂರ್ತಿ ಬಿಡಿಸಿದೆ.

ನರ್ಸಿಂಗ್, ಹಾಸನ: ಪೂರ್ತಿ ಯಾಕೆ ಬಿಡಿಸಬೇಕು? ಒಂದೆರಡು ಗಂಟೆ ಅಂತರ ಸಾಕು. ನಿಂಬೆ ಪಾನಕದ ಜೊತೆ ಕೊಡಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಹೊಲದಲ್ಲಿ ದುಡಿಯೋ ಹೆಂಗಸಿಗೆ ಇರೋದು ಒಂದು ಲೋಟ ಚಹಾ, ಅದನ್ನೂ ಕಿತ್ಕೊಳ್ಳೋದಾ?

ಯಾದಗಿರಿ ಅನುಭವ: ಹಿಮೋಗ್ಲೋಬಿನ್ ಬರೀ 7 ಇದ್ದ ಹುಡುಗಿಯನ್ನು ಎದುರಿಗೆ ನೋಡಿದ್ದು ನಾನು, ನೀವಲ್ಲ.

ನರ್ಸಿಂಗ್, ಹಾಸನ: 7 ಇದ್ದರೆ ಚಹಾ ಬಿಡಿಸಿ ಕೂರೋದಲ್ಲ, ಡಾಕ್ಟರ ಹತ್ತಿರ ಕರಕೊಂಡು ಹೋಗೋದು!

ಯಾದಗಿರಿ ಅನುಭವ: ಕರಕೊಂಡು ಹೋದೆ. ನನ್ನ ದುಡ್ಡಲ್ಲಿ, ಟಂಟಂ ಆಟೊ ಮಾಡಿಕೊಂಡು. ಗೊತ್ತಿಲ್ಲದೆ ಮಾತಾಡಬೇಡಿ.

ಆಶಾ ಕಾರ್ಯಕರ್ತೆ, ಹನ್ನೊಂದು ವರ್ಷದಿಂದ: ನಿಮ್ಮೆಲ್ಲರದೂ ಓದಿದೆ. ಒಬ್ಬರಾದರೂ ಆಶಾ ಅಂತ ಬರೆದಿದ್ದೀರಾ? ಮನೆಮನೆಗೆ ನಿಮ್ಮನ್ನ ಕರಕೊಂಡು ಹೋದೋರು ಯಾರು? ಸಾವಿರ ಜನಕ್ಕೆ ಒಬ್ಬಳು ನಾನು. ನಮಗೆ ಸಿಗೋದು ಸ್ವಲ್ಪ ಗೌರವಧನ, ಉಳಿದಿದ್ದು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಇಂಟರ್ನ್ ಜೊತೆ ದಿನವೆಲ್ಲ ತಿರುಗಿದರೆ ಒಂದು ರೂಪಾಯಿ ಬರಲ್ಲ. ಹೋದ ವರ್ಷ ನಾಲ್ಕು ಹುಡುಗರು ಬಂದಿದ್ದರು. ಊಟ ನಮ್ಮ ಮನೆಯಲ್ಲೇ. ಸರ್ವೆ ಹಾಳೆ ತುಂಬಿಸಿಕೊಂಡು ಹೋದರು, ಫೋನೂ ಇಲ್ಲ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತಿದ್ದೆವು. ನಿಮ್ಮಲ್ಲಿ ಯಾರು ಬಂದಿರಿ?

ಬೆಂಗಳೂರಲ್ಲಿ ಮಾಡಿದವಳು: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಕ್ಕಾ. ನಾನು ಎರಡು ದಿನ ಬಂದಿದ್ದೆ.

ತೀರ್ಥಹಳ್ಳಿ ಕಡೆಯವನು: ಅಕ್ಕಾ, ನನ್ನ ಜೊತೆ ತಿರುಗಿದ ಆಶಾ ಅಕ್ಕನ ಕಾಲಿಗೆ ಎರಡು ಉಣ್ಣೆ ಕಚ್ಚಿತ್ತು. ರಿಪೋರ್ಟಿನಲ್ಲಿ ಅವರ ಹೆಸರೂ ಹಾಕಲಿಲ್ಲ ನಾನು. ಬೈಂಡಿಂಗಿಗೆ 1,140 ಕೊಟ್ಟಿದ್ದೆ.

ಆಶಾ ಕಾರ್ಯಕರ್ತೆ, ಹನ್ನೊಂದು ವರ್ಷದಿಂದ: ಈಗಲಾದರೂ ಫೋನ್ ಮಾಡಿ ತಮ್ಮಾ. ಒಂದು ಪ್ರತಿ ಅವರಿಗೂ ಕೊಡಿ.

ತುಮಕೂರು, ಎಂಎಸ್‌ಡಬ್ಲ್ಯೂ ಕೊನೆ ವರ್ಷ: ಅಕ್ಕಾ, ಪಿಎಚ್‌ಸಿಗೆ ಬಂದರೆ ಆಶಾ ಅವರ ಜೊತೆ ದಿನಕ್ಕೆ ಎಷ್ಟು ಮನೆ ಸುತ್ತಬೇಕಾಗುತ್ತೆ? ಊಟದ ಡಬ್ಬಿ ನಾನೇ ತರ್ತೀನಿ.