‘ಜಾ’ ಎಂಬ ಜಪಾನಿ ಪದಕ್ಕೆ ‘ಸಾಲೆ’ ಆದೀತೇ? (ಕಬುಕಿಜಾ, ಗಿಂಜಾ)

ಗೆಳೆಯರೇ,

ಕಬುಕಿ ಎಂಬ ಹಳೆಯ ಜಪಾನಿ ನಾಟಕವಾಡುವ ಟೋಕಿಯೊದ ಕಬುಕಿಜಾ ಬಗ್ಗೆ ಮಕ್ಕಳಿಗಾಗಿ ಒಂದು ಚಿಕ್ಕ ಬರಹ ಬರೆಯುತ್ತಿದ್ದೇನೆ. ಎರಡನೇ ಸಾಲಿಗೇ ಕೈ ನಿಂತಿತು. ‘ಗಿಂಜಾದಲ್ಲಿರುವ ಕಬುಕಿಜಾ ರಂಗಮಂದಿರ’ ಎಂದು ಬರೆದಿದ್ದೆ. (ಗಿಂಜಾ ಟೋಕಿಯೊದ ಒಂದು ಪೇಟೆ.) ಎರಡೂ ಹೆಸರಿನ ಕೊನೆಯ ‘ಜಾ’ ಒಂದೇ ಪದ, ಜಪಾನಿಯಲ್ಲಿ ಬರೆಯುವುದೂ ಒಂದೇ ಅಕ್ಷರದಲ್ಲಿ. ಒಂದು ಕಡೆ ಅದು ನಾಟಕದ ಮನೆ, ಇನ್ನೊಂದು ಕಡೆ ಬೆಳ್ಳಿ ನಾಣ್ಯದ ಕೆಲಸ ನಡೆಯುತ್ತಿದ್ದ ಮನೆ. ಎರಡಕ್ಕೂ ಒಪ್ಪುವ ಒಂದು ಕನ್ನಡ ಪದ ಸಿಕ್ಕೀತೇ?

‘ಜಾ’ ಎಂದರೆ ಮೊದಲಿಗೆ ಕೂರುವ ಎಡೆ. (ನಮ್ಮ ‘ಜಾಗ’ಕ್ಕೂ ಇದಕ್ಕೂ ನಂಟಿಲ್ಲ, ದನಿ ಹತ್ತಿರವಿದೆ ಅಷ್ಟೇ.) ಹಿಂದೆ ಜಪಾನಿನಲ್ಲಿ ಒಂದೇ ಕಸುಬಿನವರು ದೇವಸ್ಥಾನದ್ದೋ ದೊಡ್ಡ ಮನೆತನದ್ದೋ ಆಸರೆ ಪಡೆದು ಗುಂಪು ಕಟ್ಟಿಕೊಳ್ಳುತ್ತಿದ್ದರು. ಎಣ್ಣೆ ಮಾರುವವರಿಗೂ ಅಂಥ ಗುಂಪಿತ್ತು. ಆ ಗುಂಪಿಗೂ ‘ಜಾ’ ಎಂದೇ ಹೆಸರು. ‘ನೋ’ ಎಂಬ ಹಳೆಯ ಜಪಾನಿ ನಾಟಕದ ತಂಡಗಳನ್ನೂ ಹಾಗೇ ಕರೆದರು. ಕೂರುವ ಎಡೆ ಕೂತವರ ಹೆಸರಾಯಿತು, ಆಮೇಲೆ ಅವರ ಮನೆಯ ಹೆಸರೂ ಆಯಿತು.

1612ರಲ್ಲಿ ಬೆಳ್ಳಿ ಟಂಕಸಾಲೆ ಸುಂಪು ಎಂಬ ಊರಿನಿಂದ ಎದೋಗೆ, ಅಂದರೆ ಇಂದಿನ ಟೋಕಿಯೊಗೆ ಬಂತು. ಕಾಗದದ ಮೇಲೆ ಅದು ನೆಲೆಯಾದ ಪೇಟೆಗೆ ಬೇರೆ ಹೆಸರಿತ್ತು. ಜನ ಮಾತ್ರ ‘ಗಿಂಜಾ’ ಎಂದರು. ‘ಗಿನ್’ ಎಂದರೆ ಬೆಳ್ಳಿ. 1800ರಲ್ಲಿ ಟಂಕಸಾಲೆ ಬೇರೆ ಕಡೆಗೆ ಹೋಯಿತು. ಹೆಸರು ಹೋಗಲಿಲ್ಲ. 1869ರಲ್ಲಿ ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ಇದನ್ನು ‘ಬೆಳ್ಳಿ ಆಸನ’ ಎಂದು ಅಕ್ಷರಕ್ಕೆ ಅಕ್ಷರ ಇಟ್ಟು ಬರೆದರೆ ಈ ಕತೆಯೆಲ್ಲ ಕಳೆದುಹೋಗುತ್ತದೆ, ಅಲ್ವಾ?

ನಾಟಕದ ಕಡೆ ಬಂದರೆ, ಅದೇ ಊರಿನಲ್ಲಿ 1660ರಲ್ಲಿ ಮೊರಿತಾಜಾ ಶುರುವಾಯಿತು. ‘ಮೊರಿತಾ’ ಒಡೆಯನ ಮನೆತನದ ಹೆಸರು. ಅಲ್ಲಿ ‘ಜಾ’ ಎಂದರೆ ತಂಡವೂ ಹೌದು, ಮನೆಯೂ ಹೌದು. ಅದಕ್ಕೆ ‘ಮೇಳ’ ಎಂದರೆ ಸೊಗಸಾಗಿ ಕೂರುತ್ತದೆ, ಯಕ್ಷಗಾನದಲ್ಲಿ ಮಂದಾರ್ತಿ ಮೇಳ ಎನ್ನುವ ಹಾಗೆ. ಆದರೆ 1889ರಲ್ಲಿ ತೆರೆದ ಕಬುಕಿಜಾಕ್ಕೆ ಇಟ್ಟಿದ್ದು ಕಲೆಯ ಹೆಸರು. ಅಲ್ಲಿಗೆ ‘ಮೇಳ’ ಒಗ್ಗುವುದಿಲ್ಲ.

‘ರಂಗಮಂದಿರ’ ಎಂದರೂ ನನಗೆ ಸಮಾಧಾನವಿಲ್ಲ. ‘ಜಾ’ದಲ್ಲೇ ಮನೆ ಇರುವಾಗ ‘ಕಬುಕಿಜಾ ರಂಗಮಂದಿರ’ ಅನ್ನುವುದು ‘ಗೇಟುಬಾಗಿಲು’ ಅಂದ ಹಾಗೆ. ಜೊತೆಗೆ ಆ ಹೆಸರು ಒಂದೇ ಕಟ್ಟಡದ್ದೂ ಅಲ್ಲ. 1921ರಲ್ಲಿ ಕಬುಕಿಜಾ ಬೆಂಕಿಗೆ ಸಿಕ್ಕಿತು. ಮತ್ತೆ ಕಟ್ಟುತ್ತಿರುವಾಗಲೇ 1923ರ ಭೂಕಂಪ ಬಂತು. 1924ರಲ್ಲಿ ಮುಗಿದದ್ದು 1945ರ ಬಾಂಬ್ ದಾಳಿಯಲ್ಲಿ ಸುಟ್ಟಿತು. 1951ರಲ್ಲಿ ಮತ್ತೆ ತೆರೆದದ್ದನ್ನು 2010ರಲ್ಲಿ ಮುಚ್ಚಿ ಕೆಡವಿದರು. ಈಗಿನದು 2013ರದ್ದು. ಮುಂದೆ ಹಳೆಯ ಮೊಗದ ಹಂಚಿನ ಮಾಡು, ಹಿಂದೆ 29 ಮಹಡಿಯ ಗೋಪುರ. ಇಷ್ಟೆಲ್ಲ ಆದರೂ ಅದು ಕಬುಕಿಜಾ ಆಗಿಯೇ ಇದೆ.

ಇನ್ನೊಂದು ಮಾತು ನನಗೆ ಬಹಳ ಇಷ್ಟವಾಯಿತು. ಜಪಾನಿಯಲ್ಲಿ ನಾಟಕಕ್ಕೆ ‘ಶಿಬಾಯಿ’ ಎಂದೂ ಅನ್ನುತ್ತಾರೆ. ಅದರ ಮೂಲ ಹುಲ್ಲಿನ ಮೇಲೆ ಕೂರುವುದು. ನಾವು ‘ಆಟ’, ‘ಬಯಲಾಟ’ ಎನ್ನುತ್ತೇವೆ. ನಮ್ಮ ಪದ ಆಡುವವರ ಕಡೆಯಿಂದ ಬಂತು, ಅವರದ್ದು ಕೂತು ನೋಡುವವರ ಕಡೆಯಿಂದ.

ನನಗೆ ಹೊಳೆದ ಪದ ‘ಸಾಲೆ’. ಟಂಕಸಾಲೆ ಇದೆ, ನಾಟಕಸಾಲೆ ಅನ್ನಬಹುದು. ಎರಡೂ ಕಡೆಗೆ ಒಂದೇ ಪದ ಸಿಕ್ಕಿತು. ‘ಅಕ್ಕಸಾಲೆ’ ನೋಡಿ. ಮೊದಲು ಚಿನ್ನ ಬೆಳ್ಳಿಯ ಕೆಲಸ ನಡೆಯುವ ಮನೆ, ಆಮೇಲೆ ಆ ಕೆಲಸ ಮಾಡುವವರ ಹೆಸರು. ‘ಜಾ’ ಕೂತವರಿಂದ ಮನೆಗೆ ನಡೆದರೆ ಇದು ಮನೆಯಿಂದ ಜನರಿಗೆ ನಡೆದಿದೆ. ಇನ್ನು ಕೂರುವುದಕ್ಕೆ ‘ಪಡಸಾಲೆ’ ಇದ್ದೇ ಇದೆ.

ಒಂದೇ ಅಳುಕು. ಧಾರವಾಡದ ಕಡೆ ‘ಸಾಲಿ’ ಅಂದರೆ ಮಕ್ಕಳು ಓದಲು ಹೋಗುವ ಶಾಲೆ. ‘ನಾಟಕಸಾಲೆ’ ಎಂದರೆ ನಾಟಕ ಕಲಿಸುವ ಕಡೆ ಎಂದುಕೊಂಡಾರೇನೋ. ಆ ಕಡೆಯವರು ದಯವಿಟ್ಟು ಹೇಳಿ. ಸಂಗೀತಕ್ಕೆ ಅಲ್ಲಿ ಬಳಸುವ ‘ಬೈಠಕ್’ ಕೂಡ ಕೂರುವುದರಿಂದಲೇ ಬಂದದ್ದು. ಆದರೆ ಅದು ಒಂದು ಸಂಜೆಯ ಕೂಟ, ನೆಲೆಯಾದ ಮನೆಯಲ್ಲ.

ಜೊತೆಗೆ ಇನ್ನೊಂದು ಪದ ಬೇಕು. ಕಬುಕಿಜಾ ಇರುವ ಭಾಗಕ್ಕೆ ಮೊದಲು ‘ಕೊಬಿಕಿಚೋ’ ಎಂಬ ಹೆಸರಿತ್ತು. ‘ಕೊಬಿಕಿ’ ಎಂದರೆ ಮರ ಕೊಯ್ಯುವವರು, ಎದೋ ಕೋಟೆಗೆ ಮರ ಕೊಯ್ದವರು ಅಲ್ಲಿ ನೆಲೆಸಿದ್ದರು. ಮೇಲೆ ಹೇಳಿದ ಮೊರಿತಾಜಾ ಇದ್ದದ್ದೂ ಅಲ್ಲೇ. 1951ರಲ್ಲಿ ಆ ಹೆಸರನ್ನು ತೆಗೆದರು. ಈಗ ಕಬುಕಿಜಾದ ಕೆಳಗೆ, ಹಿಗಾಶಿ ಗಿಂಜಾ ಮೆಟ್ರೋ ನಿಲ್ದಾಣಕ್ಕೆ ಸೇರಿಕೊಂಡಿರುವ ಅಂಗಡಿ ಅಂಗಳಕ್ಕೆ ಮತ್ತೆ ಅದೇ ಹೆಸರಿಟ್ಟಿದ್ದಾರೆ. ‘ಚೋ’ಗೆ ‘ಪೇಟೆ’ ಸರಿ, ನಮ್ಮಲ್ಲೂ ಕುಂಬಾರಪೇಟೆ, ಗಾಣಿಗರಪೇಟೆ ಇವೆ. ದಿಮ್ಮಿಯ ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುವವರನ್ನು ನಿಮ್ಮ ಊರಲ್ಲಿ ಏನೆಂದು ಕರೆಯುತ್ತಾರೆ? ‘ಮರ ಕೊಯ್ಯುವವರು’ ಎಂದು ಸುಮ್ನೆ ಬರೆಯಬಹುದು. ಆದರೆ ಪೇಟೆಯ ಹೆಸರಿಗೆ ಕಸುಬಿನವರದೇ ಪದ ಬೇಕು. ಮಲೆನಾಡಿನವರಿಗೆ ಗೊತ್ತಿರಬೇಕು, ಬರೆಯಿರಿ.