ಮೂಳೆ ‘ಬಲಿಯುತ್ತದೆ’ ಅನ್ನಬಹುದಾ? ‘ಭಾರ ಹೊರುವ ವ್ಯಾಯಾಮ’ಕ್ಕೆ ಬೇರೆ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ಮಕ್ಕಳ ಆಟ ಮತ್ತು ಮೂಳೆಯ ಆರೋಗ್ಯದ ಬಗ್ಗೆ ತಂದೆತಾಯಂದಿರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಕಷ್ಟವಿಲ್ಲ, ಮಾತು ಹುಡುಕುವುದೇ ಕಷ್ಟವಾಗಿದೆ.

ಮೊದಲು ಸಿಕ್ಕಿಕೊಂಡದ್ದು ‘ವೆಯ್ಟ್ ಬೇರಿಂಗ್ ಎಕ್ಸರ್‌ಸೈಜ್’ ಹತ್ತಿರ. ‘ಭಾರ ಹೊರುವ ವ್ಯಾಯಾಮ’ ಅಂತ ಬರೆದಿದ್ದೆ. ಕರಡು ಓದಿದ ಒಬ್ಬ ತಾಯಿ ಗಾಬರಿಯಿಂದ ಕೇಳಿದರು: “ಎಂಟು ವರ್ಷದ ಮಗು ಭಾರ ಹೊರಬೇಕಾ? ಎತ್ತರ ಬೆಳೆಯೋದು ನಿಂತುಹೋಗಲ್ವಾ?” ನನ್ನ ಮಾತನ್ನು ಅವರು ಅರ್ಥ ಮಾಡಿಕೊಂಡ ರೀತಿಯಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ‘ಹೊರು’ ಅಂದ ಕೂಡಲೇ ತಲೆ ಮೇಲೋ ಬೆನ್ನ ಮೇಲೋ ಒಂದು ಹೊರೆ ಬಂದು ಕೂರುತ್ತದೆ. ನಾನು ಹೇಳಬೇಕಾಗಿದ್ದದ್ದು ಬೇರೆ. ಓಡುವಾಗ, ಜಿಗಿಯುವಾಗ ನಮ್ಮ ಮೈಯ ತೂಕವನ್ನೇ ನಮ್ಮ ಮೂಳೆಗಳು ತಡೆದುಕೊಳ್ಳುತ್ತವೆ. ಕಾಲು ನೆಲಕ್ಕೆ ಬಡಿದಾಗಲೆಲ್ಲ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಳಗಿರುವ ಜೀವಕೋಶಗಳು ಅದನ್ನು ಗುರುತಿಸುತ್ತವೆ. ಆಮೇಲೆ ಒತ್ತಡ ಬಿದ್ದ ಕಡೆ ಮೂಳೆ ಕಟ್ಟುವ ಕೆಲಸ ಶುರುವಾಗುತ್ತದೆ. ಈಜು ಹೃದಯಕ್ಕೆ, ಉಸಿರಿಗೆ ತುಂಬ ಒಳ್ಳೆಯದು. ಆದರೆ ನೀರು ಮೈಯನ್ನು ಎತ್ತಿ ಹಿಡಿಯುವುದರಿಂದ ಮೂಳೆಗೆ ಈ ಬಡಿತ ಸಿಗುವುದಿಲ್ಲ.

‘ಮೈಭಾರದ ಆಟ’ ಎಂದು ಬದಲಾಯಿಸಿ ನೋಡಿದೆ. ‘ಮೈ ಭಾರ’ ಅಂದರೆ ಜ್ವರ ಬರುವ ಹಾಗಿದೆ ಅನ್ನುವ ಅರ್ಥ ಮೊದಲು ಬರುತ್ತದೆ. ‘ಮೈತೂಕದ ಆಟ’ ಅಂದರೆ ತೂಕ ಇಳಿಸುವುದಕ್ಕೆ ಅಂದುಕೊಳ್ಳುತ್ತಾರೆ. ಈಗ ‘ಕಾಲೂರಿ ಆಡುವ ಆಟ’ ಎಂದು ಬರೆದಿದ್ದೇನೆ. ನನಗೆ ಇದು ಇಷ್ಟ. ಓಟ, ಕುಣಿತ, ಹಗ್ಗದ ಜಿಗಿತ ಎಲ್ಲವೂ ಇದರಲ್ಲಿ ಬರುತ್ತವೆ, ಈಜು ತಾನಾಗಿಯೇ ಹೊರಗುಳಿಯುತ್ತದೆ. ಒಂದೇ ತೊಡಕು: ‘ಕಾಲೂರು’ ಅಂದರೆ ಒಂದೇ ಕಡೆ ಗಟ್ಟಿಯಾಗಿ ನಿಲ್ಲುವುದು ಅಂತಲೂ ಆಗುತ್ತದೆ. ಮೂಳೆಗೆ ಬೇಕಾದದ್ದು ಸುಮ್ನೆ ನಿಲ್ಲುವುದಲ್ಲ, ಅಲುಗಾಟ. ಅದಕ್ಕೇ ಜಿಗಿ, ನೆಗೆ, ಕುಪ್ಪಳಿಸು, ಕುಣಿ ಮುಂತಾದ ಕ್ರಿಯಾಪದಗಳನ್ನು ಪಕ್ಕದಲ್ಲೇ ಇಟ್ಟಿದ್ದೇನೆ. ಇಷ್ಟು ಚೆಂದದ ಮಾತುಗಳಿರುವಾಗ ಎಲ್ಲವನ್ನೂ ‘ದೈಹಿಕ ಚಟುವಟಿಕೆ’ ಅಂತ ಒಂದೇ ಮೂಟೆಗೆ ತುಂಬುವುದು ನನಗೆ ಸರಿಬರಲಿಲ್ಲ.

ನನ್ನ ಮುಖ್ಯ ಪ್ರಶ್ನೆ ‘ಬಲಿ’ ಎಂಬ ಕ್ರಿಯಾಪದದ ಬಗ್ಗೆ. ‘ಮೂಳೆಯ ಸಾಂದ್ರತೆ ಹೆಚ್ಚುತ್ತದೆ’ ಅನ್ನುವ ಬದಲು ‘ಮೂಳೆ ಬಲಿಯುತ್ತದೆ’ ಅನ್ನಬಹುದಾ? ‘ಸಾಂದ್ರತೆ’ ಕಷ್ಟದ ಮಾತು ಅನ್ನುವುದಷ್ಟೇ ಕಾರಣವಲ್ಲ. ಅದು ಅರ್ಧ ಮಾತ್ರ ಹೇಳುತ್ತದೆ. ಆಡುವ ಮಕ್ಕಳ ಮೂಳೆಯಲ್ಲಿ ಖನಿಜ ತುಂಬಿಕೊಳ್ಳುವುದರ ಜೊತೆಗೆ ಮೂಳೆಯೇ ದಪ್ಪವಾಗುತ್ತದೆ, ಅದರ ಆಕಾರವೂ ಬದಲಾಗುತ್ತದೆ. ಚಿಕ್ಕಂದಿನಿಂದ ಟೆನಿಸ್ ಆಡಿದವರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪ. ಮೈ ಒಂದೇ, ಊಟ ಒಂದೇ, ಆಟ ಮಾತ್ರ ಒಂದು ಕೈಯದು! ಇದಕ್ಕೆ ‘ಬಲಿತ ತೋಳು’ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಎಳೆಯ ಬಿದಿರು, ಬಲಿತ ಬಿದಿರು ಅನ್ನುತ್ತೇವಲ್ಲ, ಹಾಗೆ.

‘ಬೆಳೆ’ ಮತ್ತು ‘ಬಲಿ’ ಬೇರೆ ಬೇರೆ ಅನ್ನುವುದೂ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಹರೆಯದ ಹೊಸ್ತಿಲಲ್ಲಿ ಮಕ್ಕಳು ದಿಢೀರನೆ ಎತ್ತರವಾಗುತ್ತಾರೆ. ಆದರೆ ಮೂಳೆಗೆ ಖನಿಜ ಅತಿ ಜಾಸ್ತಿ ಸೇರುವ ಕಾಲ ಅದಾಗಿ ಕೆಲವು ತಿಂಗಳ ಮೇಲೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಸುಮಾರು 12ರಿಂದ 13, ಗಂಡುಮಕ್ಕಳಲ್ಲಿ ಸುಮಾರು 14ನೇ ವಯಸ್ಸು. ಅಂದರೆ ಮೂಳೆ ಮೊದಲು ಬೆಳೆಯುತ್ತದೆ, ಆಮೇಲೆ ಬಲಿಯುತ್ತದೆ. ನಡುವಿನ ಈ ಅಂತರದಲ್ಲಿ ಬಿದ್ದು ಕೈ ಮುರಿದುಕೊಳ್ಳುವ ಮಕ್ಕಳು ಜಾಸ್ತಿ. ದೊಡ್ಡವರಾದ ಮೇಲೆ ಇರುವ ಮೂಳೆ ಖನಿಜದ ಸುಮಾರು ಕಾಲುಭಾಗ ಆ ವಯಸ್ಸಿನ ಎರಡು ವರ್ಷಗಳಲ್ಲೇ ಸೇರುತ್ತದೆ. ಓದಿನ ಹೊರೆ ಹೆಚ್ಚಿ ಆಟ ಬಿಟ್ಟುಹೋಗುವ ವಯಸ್ಸೂ ಅದೇ ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ. ‘ಪೀಕ್ ಬೋನ್ ಮಾಸ್’ಗೆ, ಅಂದರೆ ಬದುಕಿನಲ್ಲಿ ಮೂಳೆ ಅತಿ ಹೆಚ್ಚು ತುಂಬಿಕೊಂಡಿರುವಾಗಿನ ಮೊತ್ತಕ್ಕೆ, ‘ಗರಿಷ್ಠ ಅಸ್ಥಿ ದ್ರವ್ಯರಾಶಿ’ ಬಿಟ್ಟು ‘ಮೂಳೆಯ ಇಡುಗಂಟು’ ಎಂದು ಬರೆದಿದ್ದೇನೆ. ಮುಂದೆ ಮುಪ್ಪಿನಲ್ಲಿ ಕರಗುವುದು ಈ ಗಂಟೇ.

‘ಬಲಿ’ ಬಳಸಲು ನನಗಿರುವ ಹಿಂಜರಿಕೆ ಎರಡು. ಬಲಿ ಕೊಡುವ ‘ಬಲಿ’ಯ ನೆರಳು ಒಂದು. ‘ಬಲಿಯುತ್ತದೆ’ ಅಂತ ಕ್ರಿಯಾಪದವಾಗಿಯೇ ಇಟ್ಟರೆ ಆ ಗೊಂದಲ ಇರಲಾರದು. ಎರಡನೆಯದು, ‘ಬಲಿತ ಹುಡುಗಿ’, ‘ವಯಸ್ಸಿಗೆ ಮೀರಿ ಬಲಿತಿದ್ದಾನೆ’ ಅನ್ನುವಾಗ ಬರುವ ಚುಚ್ಚುಮಾತಿನ ದನಿ. ಮೂಳೆಯ ಬಗ್ಗೆ ಹೇಳುವಾಗಲೂ ಅದು ಕೇಳಿಸುತ್ತದಾ?

ಇನ್ನೊಂದು ಮಾತನ್ನು ಮಾತ್ರ ಕೈಬಿಟ್ಟಿದ್ದೇನೆ: ‘ಮೂಳೆ ಸವೆತ’. ಕೀಲಿನ ನೋವಿಗೂ ಅದೇ, ಮೂಳೆ ಟೊಳ್ಳಾಗುವುದಕ್ಕೂ ಅದೇ. ಚಪ್ಪಲಿ ಸವೆಯುವುದು ಬಳಸಿದ್ದಕ್ಕೆ. ಹಾಗಾಗಿ ‘ಜಾಸ್ತಿ ಓಡಿದರೆ ಮೂಳೆ ಸವೆಯುತ್ತೆ’ ಎಂದು ಮಕ್ಕಳನ್ನು ಕೂರಿಸುವವರಿದ್ದಾರೆ. ಆದರೆ ಮೂಳೆ ಬಳಸದೆ ಇಟ್ಟರೆ ಕರಗುತ್ತದೆ. ತಿಂಗಳುಗಟ್ಟಲೆ ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಮೂಳೆಗೆ ಆಗುವುದು ಅದೇ. ‘ಟೊಳ್ಳು ಮೂಳೆ’ ಅಂದರೆ ಸಾಕಲ್ವಾ?

ಕೊನೆಗೆ ಒಂದು ವಾಕ್ಯ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿನವರಿಗೆ ಹೇಳುವುದನ್ನು ಹೀಗೆ ಬರೆದಿದ್ದೇನೆ: “ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಾಟ ಜೋರಾಗುವ ಹಾಗೆ ಆಡಲಿ, ವಾರದಲ್ಲಿ 3 ದಿನವಾದರೂ ಅದರಲ್ಲಿ ಮೂಳೆ ಬಲಿಸುವ ಆಟ ಇರಲಿ.” ಇಲ್ಲಿ ‘ಬಲಿಸುವ’ ನಿಮ್ಮ ಕಿವಿಗೆ ಒಗ್ಗುತ್ತದಾ, ಇಲ್ಲ ‘ಬಲಿಯುವಂಥ’ ಅನ್ನಬೇಕಾ? ‘ಮೂಳೆ’ ಅನ್ನದೆ ‘ಎಲುಬು’ ಅನ್ನುವ ಕಡೆಯವರು ‘ಎಲುಬು ಬಲಿತದೆ’ ಅನ್ನುತ್ತೀರಾ, ‘ಗಟ್ಟಿ ಆಗ್ತದೆ’ ಅನ್ನುತ್ತೀರಾ? ದಯವಿಟ್ಟು ತಿಳಿಸಿ.