ಪದಚರ್ಚೆ: ‘ಗರ್ಭಪಾತ ಆಗಿದೆಯಾ?’ ಎಂಬುದನ್ನು ಬೇರೆ ಹೇಗೆ ಕೇಳಬಹುದು?

ಗೆಳೆಯರೇ,

ಆಸ್ಪತ್ರೆಯೊಂದರ ತುರ್ತು ವಿಭಾಗದ ನರ್ಸ್‌ಗಳಿಗಾಗಿ ಕನ್ನಡದಲ್ಲಿ ಪ್ರಶ್ನೆಪಟ್ಟಿ ಮಾಡುತ್ತಿದ್ದೇವೆ. ಅಲ್ಲಿರುವವರಲ್ಲಿ ಕೇರಳದಿಂದ ಬಂದವರು ಜಾಸ್ತಿ. ಕೆಲಸ ಮಾಡುತ್ತಲೇ ಕನ್ನಡ ಕಲಿತವರು. ಪುಸ್ತಕದ ಪದ ಬರೆದುಕೊಟ್ಟರೆ ಅದನ್ನೇ ಕೇಳುತ್ತಾರೆ. ಎದುರಿಗಿರುವ ಹೆಂಗಸಿಗೆ ಅದು ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಬಹುದು. ಬೇರೆಯೇ ಅರ್ಥವಾಗಿಬಿಟ್ಟರೆ ಕಷ್ಟ.

ನಮಗೆ ಮೊದಲು ಸಿಕ್ಕ ತೊಡಕು ‘ಗರ್ಭಪಾತ’. ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ಖಚಿತವಾದ ಜಾಗವಿದೆ. ನಾಲ್ಕನೇ ತಿಂಗಳವರೆಗೆ ಹೋದರೆ ಗರ್ಭಸ್ರಾವ, ಐದು ಆರನೇ ತಿಂಗಳಲ್ಲಿ ಹೋದರೆ ಗರ್ಭಪಾತ. ಎರಡೂ ತಾನಾಗಿ ಆಗುವಂಥವು. ಆದರೆ ಇವತ್ತು ಪತ್ರಿಕೆ ಓದುವವರಿಗೆ ಗರ್ಭಪಾತ ಎಂದರೆ ಬೇಕೆಂದು ತೆಗೆಸಿದ್ದು. ಭ್ರೂಣಹತ್ಯೆಯ ಸುದ್ದಿಗಳಲ್ಲಿ ಇದೇ ಪದ ಪಕ್ಕದಲ್ಲೇ ಇರುತ್ತದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ಎಷ್ಟು ದಿನ ಈ ಪದ ಓದಿದೆವು, ನೆನಪಿದೆಯಲ್ವಾ? ರಕ್ತ ಹೋಗುತ್ತಾ ಬಂದವಳನ್ನು ‘ಗರ್ಭಪಾತ ಆಗಿದೆಯಾ?’ ಎಂದು ಕೇಳಿದರೆ ಅವಳಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ಪಕ್ಕದಲ್ಲಿ ಅತ್ತೆ ನಿಂತಿದ್ದರಂತೂ ‘ಇಲ್ಲ’ ಎಂದೇ ಉತ್ತರ. ‘ಅಬಾರ್ಷನ್’ ಎಂದರೂ ಅಷ್ಟೇ. ಡಾಕ್ಟರರು ಅದನ್ನು ಎರಡಕ್ಕೂ ಬಳಸುತ್ತಾರೆ, ಜನ ಒಂದಕ್ಕೇ ಬಳಸುತ್ತಾರೆ.

ಆ ‘ಇಲ್ಲ’ ಜೀವಕ್ಕೇ ಕುತ್ತಾಗಬಹುದು. ಗರ್ಭ ಕೆಲವೊಮ್ಮೆ ಗರ್ಭಕೋಶದಲ್ಲಿ ನಿಲ್ಲದೆ ಅದಕ್ಕೆ ಸೇರುವ ನಳಿಕೆಯಲ್ಲಿ (ಟ್ಯೂಬಿನಲ್ಲಿ) ನಿಲ್ಲುತ್ತದೆ. ನೂರು ಬಸುರಿನಲ್ಲಿ ಒಂದೆರಡು ಹೀಗಾಗುತ್ತವೆ. ಬೆಳೆದಂತೆ ನಳಿಕೆ ಒಡೆದು ಹೊಟ್ಟೆಯೊಳಗೇ ರಕ್ತ ಸೋರುತ್ತದೆ. ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು. ಹೊಟ್ಟೆನೋವು, ಕಣ್ಣು ಕತ್ತಲೆ ಬರುವುದು, ಕೆಲವರಿಗೆ ಭುಜದ ತುದಿಯಲ್ಲಿ ನೋವು. ಮೆಡಿಕಲ್ ಸ್ಟೋರಿನಿಂದ ಬಸುರು ಇಳಿಸುವ ಮಾತ್ರೆಗಳ ಕಿಟ್ ತರಿಸಿ ನುಂಗಿದವರಲ್ಲಿ ಇದು ಇನ್ನೂ ಮೋಸ ಮಾಡುತ್ತದೆ, ಏಕೆಂದರೆ ಆ ಮಾತ್ರೆಗಳು ನಳಿಕೆಯ ಗರ್ಭವನ್ನು ಇಳಿಸುವುದಿಲ್ಲ. ರಕ್ತ ಕಂಡ ಕೂಡಲೇ ಮಾತ್ರೆ ಕೆಲಸ ಮಾಡಿತು ಅಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಹಾಗಾಗಿ ಬಸುರಿತ್ತಾ, ಮಾತ್ರೆ ತಗೊಂಡಿದ್ದಾರಾ ಎಂಬ ಎರಡಕ್ಕೂ ನಿಜವಾದ ಉತ್ತರ ಬೇಕು.

ನನ್ನ ಅಭಿಪ್ರಾಯದಲ್ಲಿ ದಾರಿ ನಮ್ಮ ಕ್ರಿಯಾಪದಗಳಲ್ಲೇ ಇದೆ. ‘ಗರ್ಭಪಾತ’ ಎಂಬ ನಾಮಪದ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಕ್ರಿಯಾಪದ ಹಾಗೆ ಮಾಡುವುದಿಲ್ಲ. ‘ಬಸುರು ಇಳೀತು’ ಎಂದರೆ ತಾನಾಗಿ, ‘ಇಳಿಸಿಕೊಂಡಳು’ ಎಂದರೆ ಬೇಕೆಂದು. ‘ಹೋಯ್ತು’, ‘ಜಾರಿತು’, ‘ನಿಲ್ಲಲಿಲ್ಲ’ ಒಂದು ಕಡೆ, ‘ತೆಗೆಸಿದರು’ ಇನ್ನೊಂದು ಕಡೆ. ಮನೆಮಾತಿನಲ್ಲಿ ಯಾರೂ ಇದನ್ನು ಕಲಸುವುದಿಲ್ಲ. ಆದ್ದರಿಂದ ನಾವು ಬರೆದುಕೊಂಡ ಪ್ರಶ್ನೆ ಹೀಗಿದೆ: ‘ಅಕ್ಕ, ಬಸುರಿದ್ರಾ? ತಾನಾಗೇ ಹೋಯ್ತಾ, ಮಾತ್ರೆ ಏನಾದ್ರೂ ತಗೊಂಡ್ರಾ? ಯಾವುದಾದ್ರೂ ಪರವಾಗಿಲ್ಲ, ಔಷಧ ಕೊಡೋಕೆ ಕೇಳ್ತಿದೀನಿ.’ ಇದನ್ನು ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಕೇಳಬೇಕು. ಗರ್ಭ ತೆಗೆಸಿಕೊಂಡವರ ಹೆಸರು, ವಿವರ ಹೊರಗೆ ಹೇಳಬಾರದೆಂದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲೇ ಇದೆ.

ಎರಡನೆಯದು ‘ನಿಂತಿದೆ’. ಇದು ನಮ್ಮನ್ನು ನಿಜಕ್ಕೂ ಹೆದರಿಸಿದೆ. ‘ಮುಟ್ಟು ನಿಂತಿದೆ’ ಎಂದರೆ ವಯಸ್ಸಾಗಿ ನಿಂತದ್ದೂ ಹೌದು, ಬಸುರಾಗಿ ನಿಂತದ್ದೂ ಹೌದು, ಈ ತಿಂಗಳ ರಕ್ತ ಹೋಗುವುದು ಮುಗಿದದ್ದೂ ಹೌದು. ‘ಗರ್ಭ ನಿಂತಿದೆ’ ಎಂದರೆ ಬಸುರಾಗಿದ್ದಾಳೆ. ನರ್ಸ್ ರಕ್ತದ ಬಗ್ಗೆ ಕೇಳಿದಾಗ ಬಂದವಳು ಸುಮ್ನೆ ‘ನಿಂತಿದೆ’ ಎಂದರೆ ಏನು ಬರೆದುಕೊಳ್ಳಬೇಕು? ‘ಹೋದ ಸಲ ಮುಟ್ಟಾಗಿದ್ದು ಯಾವತ್ತು?’ ಎಂದು ದಿನವನ್ನೇ ಕೇಳುವುದು ಮೇಲು ಅನ್ನಿಸುತ್ತದೆ. ಅಮಾವಾಸ್ಯೆಗೆ ಮುಂಚೆಯಾ, ಹಬ್ಬ ಆದ ಮೇಲಾ ಎಂದರೆ ತಾರೀಖು ಹೇಳಲಾಗದವರೂ ಹೇಳುತ್ತಾರೆ. ‘ಹೊರಗಾಗಿದ್ದು’, ‘ಕಾಗೆ ಮುಟ್ಟಿದ್ದು’, ‘ತಿಂಗಳಾದದ್ದು’, ‘ಡೇಟ್’ ಎಲ್ಲವನ್ನೂ ಪಟ್ಟಿಗೆ ಸೇರಿಸಿದ್ದೇವೆ. ನರ್ಸ್ ಹೇಳಬೇಕಾಗಿಲ್ಲ, ಕೇಳಿದರೆ ತಿಳಿಯಬೇಕು.

ಮೂರನೆಯದು ‘ಬಾಣಂತಿ ಸನ್ನಿ’. ಇಲ್ಲಿ ನನಗೆ ನಿಮ್ಮ ಸಹಾಯ ಎಲ್ಲಕ್ಕಿಂತ ಹೆಚ್ಚು ಬೇಕು. ಹೆರಿಗೆಯಾದ ಮೇಲೆ ಜ್ವರ ಏರಿ ಬಡಬಡಿಸಿದರೂ ಸನ್ನಿ ಎನ್ನುತ್ತಾರೆ. ಕೈಕಾಲು ಸೆಟೆದು ಫಿಟ್ಸ್ ಬಂದರೂ ಸನ್ನಿ. ನಿದ್ದೆಯಿಲ್ಲದೆ, ಮಗು ನನ್ನದಲ್ಲ ಎಂದು ಕೂಗಾಡಿದರೂ ಸನ್ನಿ. ಮೂರೂ ತುರ್ತೇ, ಆದರೆ ಚಿಕಿತ್ಸೆ ಬೇರೆ ಬೇರೆ. ಜ್ವರದ್ದು ಸೋಂಕು, ತಡಮಾಡದೆ ಆಂಟಿಬಯಾಟಿಕ್ ಬೇಕು. ಫಿಟ್ಸ್ ಬಿಪಿ ಏರಿ ಬಂದದ್ದಾದರೆ ಮೆಗ್ನೀಸಿಯಂ ಸಲ್ಫೇಟ್ ಬೇಕು. ಹೆರಿಗೆ ಮುಗಿದ ಮೇಲೂ ಇದು ಬರಬಹುದು ಎಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಮೂರನೆಯದಕ್ಕೆ ಮಾನಸಿಕ ವೈದ್ಯರು ಬರಬೇಕು, ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡಬಾರದು. ‘ಸನ್ನಿ’ ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಮನೆಯವರು ಅಪಾಯವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ನಾವು ಮುಂದಿನ ಪ್ರಶ್ನೆ ಕೇಳಬೇಕು: ಮೈ ಸುಡ್ತಿತ್ತಾ, ಕೈಕಾಲು ಸೆಟೆದುಕೊಳ್ತಾ, ಮಾತು ಬದಲಾಯ್ತಾ?

‘ನಂಜು’ ಕೂಡ ಹೀಗೇ. ಬಿಪಿ ಏರಿ ಮೈ ಊದುವುದನ್ನು ‘ಗರ್ಭಿಣಿಯ ನಂಜು’ ಎಂದು ಬರೆದದ್ದನ್ನು ನೋಡಿದ್ದೇನೆ. ಆದರೆ ಮನೆಯಲ್ಲಿ ನಂಜು ಎಂದರೆ ಕೀವು, ಸೋಂಕು, ಬಾಣಂತಿಗೆ ಆಗದ ಊಟ. ಪಟ್ಟಿಯಲ್ಲಿ ‘ಬಿಪಿ ಜಾಸ್ತಿಯಾಗಿತ್ತಾ?’ ಎಂದೇ ಇಟ್ಟಿದ್ದೇವೆ. ಬಿಪಿ ಈಗ ಕನ್ನಡವೇ.

ಇನ್ನು ನಳಿಕೆಯ ಗರ್ಭಕ್ಕೆ ಏನನ್ನೋಣ? ‘ಅಪಸ್ಥಾನೀಯ ಗರ್ಭಧಾರಣೆ’ ಎಂದು ಸ್ಟ್ರೆಚರ್ ಮೇಲಿರುವವಳಿಗೆ ಹೇಳಲಾಗದು. ‘ಟ್ಯೂಬಲ್ಲಿ ಬಸುರು’ ಎಂದರೆ ಅರ್ಥವಾಗುತ್ತದೆ, ಆದರೆ ‘ಬಸುರು’ ಕೇಳಿದ ಕೂಡಲೇ ಮಗು ಉಳಿಸಿ ಎನ್ನುತ್ತಾರೆ. ಅದು ಬೆಳೆಯಲಾರದು, ಉಳಿಸಲಾಗದು ಎಂಬುದನ್ನು ಅದೇ ಮಾತಿನಲ್ಲಿ ಮೆತ್ತಗೆ ಹೇಳುವ ಬಗೆ ಬೇಕು.

ಕಲಬುರಗಿ, ರಾಯಚೂರು, ಉತ್ತರ ಕನ್ನಡ, ಕುಂದಾಪುರ, ಕೊಡಗು ಕಡೆಯವರು ದಯವಿಟ್ಟು ಬರೆಯಿರಿ. ಬಸುರು ಇಳಿಯುವುದಕ್ಕೆ, ಹೆರಿಗೆ ಆದ ಮೇಲೆ ಕಸ (ಪ್ಲಾಸೆಂಟಾ) ಬೀಳದೆ ಉಳಿಯುವುದಕ್ಕೆ, ರಕ್ತ ನಿಲ್ಲದೆ ಹೋಗುವುದಕ್ಕೆ ನಿಮ್ಮಲ್ಲಿ ಏನು ಹೇಳುತ್ತಾರೆ? ‘ಕಸ’ ನಮ್ಮ ಕಡೆ ದನಕ್ಕೂ ಹೆಂಗಸಿಗೂ ಒಂದೇ. ‘ಮಾಸು’ ಎಂದರೆ ಎಲ್ಲಿಯವರಿಗೆ ತಿಳಿಯುತ್ತದೆ? ಮನೆಯ ಹಿರಿಯರನ್ನು, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರು ಯಾರೊಡನೆ ಆಡುವ ಮಾತು ಎಂಬುದನ್ನೂ ಬರೆಯಿರಿ. ಗೆಳತಿಯರ ನಡುವೆ ನಡೆಯುವ ಮಾತು ಗಂಡು ನರ್ಸ್ ಬಾಯಲ್ಲಿ ಸಲ್ಲದಿರಬಹುದು.